‘ಹೀಗಾದರೆ ಏನು ಮಾಡುತ್ತೀರಿ?’

ಪೈಲಟ್ ಹುದ್ದೆಯ ಸಂದರ್ಶನದಲ್ಲಿ ನಾನು ಅತ್ಯಂತ ಮೆಚ್ಚುವುದು ಸನ್ನಿವೇಶದ ಪ್ರಶ್ನೆಗೆ ಸಿಗುವ ಒಳ್ಳೆಯ ಉತ್ತರವನ್ನು. ನೀವು ಸಹಪೈಲಟ್. ರನ್‌ವೇಗೆ ದಾರಿ ತೋರುವ ಐಎಲ್‌ಎಸ್ ವ್ಯವಸ್ಥೆಯ ನೆರವಿನಿಂದ ಇಳಿಯುತ್ತಿದ್ದೀರಿ. ನಿರ್ಧಾರದ ಎತ್ತರವಾದ 200 ಅಡಿ ಬಂದರೂ ರನ್‌ವೇ ಕಾಣುತ್ತಿಲ್ಲ, ಕ್ಯಾಪ್ಟನ್ ಇಳಿಸುತ್ತಲೇ ಇದ್ದಾರೆ. ಏನು ಮಾಡುತ್ತೀರಿ?

ಬಲ್ಲ ಅಭ್ಯರ್ಥಿ ಇಲ್ಲಿ ಶೌರ್ಯ ಮೆರೆಯುವುದಿಲ್ಲ, ಹಿರಿಯರ ಮುಲಾಜಿಗೂ ಬೀಳುವುದಿಲ್ಲ. ‘ಗೋ ಅರೌಂಡ್’ (ಇಳಿಯುವುದು ಬಿಟ್ಟು ಮತ್ತೆ ಮೇಲೇರಿ) ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಕ್ಯಾಪ್ಟನ್ ಸ್ಪಂದಿಸದಿದ್ದರೆ ‘ಐ ಹ್ಯಾವ್ ಕಂಟ್ರೋಲ್’ ಎಂದು ಘೋಷಿಸಿ ವಿಮಾನವನ್ನು ಮೇಲೆತ್ತುತ್ತೇನೆ. ಆಮೇಲೆ ವಾಯುಸಂಚಾರ ನಿಯಂತ್ರಣಕ್ಕೆ (ಎಟಿಸಿ) ತಿಳಿಸುತ್ತೇನೆ, ಇಳಿದ ಬಳಿಕ ವರದಿ ಸಲ್ಲಿಸುತ್ತೇನೆ ಎನ್ನುತ್ತಾರೆ. ಮೊದಲು ಹಾರಾಟ, ನಂತರ ದಾರಿ, ಕೊನೆಗೆ ಮಾತು ಎಂಬ ಪೈಲಟ್‌ಗಳ ಹಳೆಯ ಪಾಠ ಈ ಕ್ರಮದಲ್ಲೇ ಇದೆ.

ಪ್ರಯಾಣಿಕರೊಬ್ಬರಿಗೆ ಎದೆನೋವು ಎಂಬ ಪ್ರಶ್ನೆ ಬಂದರೆ ಅದೇ ಅಭ್ಯರ್ಥಿಯ ನಡೆ ಬೇರೆ. ಕ್ಯಾಬಿನ್ ಸಿಬ್ಬಂದಿಯಿಂದ ವಿವರ ಕೇಳುತ್ತಾರೆ, ವಿಮಾನದಲ್ಲಿ ವೈದ್ಯರಿದ್ದಾರೆಯೇ ಎಂದು ವಿಚಾರಿಸುತ್ತಾರೆ, ಹತ್ತಿರದ ನಿಲ್ದಾಣ, ಹವಾಮಾನ, ಇಂಧನ ತೂಗಿ ನೋಡುತ್ತಾರೆ. ಎಲ್ಲಿ ಕ್ಷಣ ಕಾಯಬಾರದು, ಎಲ್ಲಿ ನಿಮಿಷ ಯೋಚಿಸಬಹುದು ಎಂಬ ವಿವೇಕ ದೊಡ್ಡದು.

ಈ ವಿವೇಕದ ಹಿಂದೆ ದುಬಾರಿ ಪಾಠಗಳಿವೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ರನ್‌ವೇ ತೆರವಾಗಿಲ್ಲವೇನೋ ಎಂದು ಮೇಲೇರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಎತ್ತಿದ ಅನುಮಾನಕ್ಕೆ ಅದರ ಕ್ಯಾಪ್ಟನ್ ಕಿವಿಗೊಡಲಿಲ್ಲ. ಅಂಥ ಅಪಘಾತಗಳ ಬಳಿಕವೇ ಕಿರಿಯರು ಮಾತಾಡಬೇಕು, ಹಿರಿಯರು ಕೇಳಬೇಕು ಎಂಬ ತರಬೇತಿ ಬೆಳೆಯಿತು. ಗೌರವ ಬಿಡದೆ, ಸುರಕ್ಷತೆಯನ್ನೂ ಬಿಟ್ಟುಕೊಡದೆ ಮಾತಾಡಬಲ್ಲವರೇ ನನ್ನ ಪಾಲಿಗೆ ನಿಜವಾದ ಪೈಲಟ್‌ಗಳು.