ಇಬ್ರಿಯ ಗ್ರಂಥವೂ ಬಸವನಗುಡಿಯ ರಸಿಕತೆಯೂ

ಭಾರತೀಯ ಕ್ರೈಸ್ತನಿಗೆ ಹಳೇ ಒಡಂಬಡಿಕೆ ಏತಕ್ಕೆ, ಆ ಸ್ಥಾನದಲ್ಲಿ ಉಪನಿಷತ್ತುಗಳನ್ನು ಇರಿಸಿಕೊಂಡರೆ ಸಾಲದೆ ಎಂಬ ಮಾತನ್ನು ಔದಾರ್ಯದ ಪರಾಕಾಷ್ಠೆಯೆಂಬಂತೆ ಆಡುವವರನ್ನು ಬಸವನಗುಡಿಯ ಸಭೆಗಳಲ್ಲಿ ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ಆಡಿದವರಿಗೆ ಕರತಾಡನವೂ ದೊರೆಯುತ್ತದೆ. ಇದರ ಬೆನ್ನಿಗೇ ಇನ್ನೊಂದು ತೀರ್ಪು ಬರುತ್ತದೆ. ದಂಡಿನ ಕಡೆ ಮಿಲ್ಲರ್ಸ್ ರಸ್ತೆಯಲ್ಲಿರುವ, 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಾಗಲಿ, 1847ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತೆರೆದ ಸೆಮಿನರಿಯ ಉತ್ತರಾಧಿಕಾರಿಯಾದ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಗಲಿ ವಿದ್ಯಾರ್ಥಿಗಳಿಂದ ಇಬ್ರಿಯ ಕ್ರಿಯಾರೂಪಗಳನ್ನು ಉರುಹೊಡೆಯಿಸುವುದು ಜರ್ಮನ್ ಪಾಂಡಿತ್ಯದ ಗಿಣಿಪಾಠವಂತೆ. ಈ ನೆಲದ ಅಧ್ಯಾತ್ಮಕ್ಕೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲವಂತೆ. ಎರಡನೆಯದು ಅಜ್ಞಾನದ ಮಾತು, ಕ್ಷಮಿಸಬಹುದು. ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಲೇಬೇಕು.

ಏಕೆಂದರೆ ಅದಕ್ಕೊಂದು ವಂಶಾವಳಿಯಿದೆ. 1938ರ ತಾಂಬರಂ ಮಿಷನರಿ ಸಮ್ಮೇಳನದ ಹೊತ್ತಿಗೆ ಮದರಾಸಿನ ಕೆಲವು ಕ್ರೈಸ್ತ ಚಿಂತಕರು ಹೊರತಂದ ಲೇಖನ ಸಂಪುಟದಲ್ಲಿ ಮುಂದಾಳಾಗಿದ್ದ ನ್ಯಾಯಾಧೀಶ ಪಿ. ಚೆಂಚಯ್ಯನವರು, ಕ್ರಿಸ್ತನನ್ನು ಅರಿಯಲು ಭಾರತೀಯನು ಯೆಹೂದ್ಯರ ಅಂಗಳವನ್ನು ಹಾದುಬರಬೇಕಾಗಿಲ್ಲವೆಂಬ ಪಕ್ಷದವರು. ಅವರ ಸ್ವಾಭಿಮಾನವನ್ನು ನಾನು ಅಲ್ಲಗಳೆಯಲಾರೆ. ಆದರೆ ಯೆಹೂದ್ಯರ ದೇವರನ್ನೇ ಬಹಿಷ್ಕರಿಸಿದ ಮಾರ್ಸಿಯನ್ ಎಂಬಾತನು ಎರಡನೆಯ ಶತಮಾನದಲ್ಲಿಯೇ ಹಿಡಿದಿದ್ದ ದಾರಿ ಇದು. ಜರ್ಮನಿಯ ಹಾರ್ನಾಕ್ ಪಂಡಿತನು 1921ರಲ್ಲಿ ಅವನ ಮೇಲೊಂದು ದೊಡ್ಡ ಗ್ರಂಥವನ್ನೇ ರಚಿಸಿ, ಹಳೇ ಒಡಂಬಡಿಕೆಯನ್ನು ಇನ್ನೂ ಪ್ರಮಾಣಗ್ರಂಥವಾಗಿ ಉಳಿಸಿಕೊಂಡಿರುವುದು ಪ್ರಾಟೆಸ್ಟಂಟ್ ಸಭೆಯ ದೌರ್ಬಲ್ಯವೆಂದು ಸಾರಿದನು. ಅನಂತರ ಆ ದೇಶದಲ್ಲಿ ಏನಾಯಿತೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ಇಬ್ರಿಯ ಮೂಲವನ್ನು 1906ರಲ್ಲಿ ಸಂಪಾದಿಸಿಕೊಟ್ಟ ರುಡಾಲ್ಫ್ ಕಿಟ್ಟೆಲನ (ಇವನನ್ನು ನಮ್ಮ ನಿಘಂಟಿನ ಕಿಟ್ಟೆಲರೆಂದು ಭ್ರಮಿಸಬಾರದು) ಸ್ವಂತ ಮಗ ಗೆರ್ಹಾರ್ಡನೇ 1933ರಲ್ಲಿ ನಾಜಿ ಪಕ್ಷವನ್ನು ಸೇರಿ ಯೆಹೂದ್ಯರ ವಿರುದ್ಧ ಪುಸ್ತಕ ಬರೆದನು. ಪರರ ಗ್ರಂಥವನ್ನು ಅನಾವಶ್ಯಕವೆನ್ನುವುದು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಒಂದೇ ಮನೆಯಲ್ಲಿ ದೊರೆಯುವ ಸಾಕ್ಷ್ಯವಿದು.

ಇನ್ನು ಸೆಮಿನರಿಯ ಪಾಠಕ್ರಮ. ಅದರಲ್ಲಿ ನೀರಸವಾದುದು ಬೇಕಾದಷ್ಟಿದೆ. ಮೋಶೆಯ ಪಂಚಗ್ರಂಥಗಳು ನಾಲ್ಕು ಆಕರಗಳಿಂದ ಹೆಣೆದವೆಂಬ, ವೆಲ್‌ಹೌಸನ್ನನ ಕಾಲದಿಂದ ಬಂದ ವಾದವನ್ನು, ಅದರ ಮೇಲೆ ಬಿದ್ದಿರುವ ಪೆಟ್ಟುಗಳನ್ನು ಮರೆತು, ಮಗ್ಗಿಯಂತೆ ಒಪ್ಪಿಸುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಆದರೆ ಪದಪಾಠ, ಕ್ರಮಪಾಠ, ಘನಪಾಠಗಳಿಗೆ ತಲೆಬಾಗುವ ನಮ್ಮ ಚಾಮರಾಜಪೇಟೆಯ ಸಂಸ್ಕೃತ ವಿದ್ವಾಂಸರು, ಇಬ್ರಿಯ ಮೂಲದ ಅಂಚಿನಲ್ಲಿ ಮಸೋರಾ ಪಂಡಿತರು ಬರೆದಿಟ್ಟ ಎಣಿಕೆಗಳನ್ನು ಒಮ್ಮೆ ನೋಡಬೇಕು. ಬರೆದ ಪಾಠವು ದೋಷಯುಕ್ತವೆಂದು ತೋರಿದಲ್ಲಿಯೂ ಅವರು ಅಕ್ಷರವನ್ನು ಮುಟ್ಟದೆ, ಓದಬೇಕಾದ ರೂಪವನ್ನು ಪಕ್ಕದಲ್ಲಿ ಮಾತ್ರ ಸೂಚಿಸಿದರು. ಅಂಥ ಸಂಯಮದ ಫಲವಾಗಿ 1008ರ ಸುಮಾರಿನ ಒಂದು ಕೈಬರಹದ ಪ್ರತಿಯೇ ಇಂದಿಗೂ ವಿದ್ಯಾರ್ಥಿಗಳ ಮುಂದಿರುವ ಮುದ್ರಿತ ಮೂಲಕ್ಕೆ ಆಧಾರವಾಗಿದೆ. ಕೇಶಿರಾಜನನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲರಿಗೆ ಹಾರ ಹಾಕುವ ನಾವು, ಆ ವ್ಯಾಕರಣ ಶ್ರದ್ಧೆಯು ಎಂಥ ಗರಡಿಯಲ್ಲಿ ಪಳಗಿತೆಂದು ಕೇಳುವುದೇ ಇಲ್ಲ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕ್ರೈಸ್ತರ ಜೋಡಣೆಯಲ್ಲಿ ಹಳೇ ಒಡಂಬಡಿಕೆಯು ಪ್ರವಾದಿಗಳಿಂದ, ಮಲಾಕಿಯನಿಂದ, ಮುಗಿದು ಮುಂದಿನ ಸುವಾರ್ತೆಗೆ ಬಾಗಿಲು ತೆರೆದು ನಿಂತಿರುತ್ತದೆ. ಇಬ್ರಿಯ ಜೋಡಣೆಯಾದರೋ ಪೂರ್ವಕಾಲವೃತ್ತಾಂತದಿಂದ, ಯೆರೂಸಲೇಮಿಗೆ ಹಿಂದಿರುಗಿರೆಂಬ ಕೋರೆಷ ರಾಜನ ಘೋಷಣೆಯಿಂದ, ಮುಗಿಯುತ್ತದೆ. ಈ ಎರಡನೆಯ ಕ್ರಮದಲ್ಲಿ ಓದಿದ ಸೆಮಿನರಿಯ ಹುಡುಗನು ತನ್ನ ಮತಕ್ಕೆ ಮೆಟ್ಟಿಲಾಗಿ ಮಾತ್ರ ಆ ಗ್ರಂಥವನ್ನು ಕಾಣಲಾರ. ಅನ್ಯರ ವಸ್ತುವು ಅನ್ಯರದಾಗಿಯೇ ಪೂರ್ಣವಾಗಿದೆಯೆಂದು ತಿಳಿಯುವ ಈ ವಿನಯವು ನಮ್ಮ ಸರ್ವಮತ ಸಮನ್ವಯದ ಭಾಷಣಗಳಲ್ಲಿ ನನಗೆ ಕಂಡುದು ಅಪೂರ್ವ.

ಇಂಥ ಪರಂಪರೆಯಿಂದ ಏನು ಹುಟ್ಟಿತೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಅರವಿಂದ ನಿರ್ಮಲ್. 1981ರಲ್ಲಿ ಇದೇ ಮಿಲ್ಲರ್ಸ್ ರಸ್ತೆಯ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರವೊಂದರ ಅಗತ್ಯವನ್ನು ಕುರಿತು ಉಪನ್ಯಾಸ ಮಾಡಿ, ಬಳಿಕ ಮದರಾಸಿನ ಗುರುಕುಲದಲ್ಲಿ ಅದನ್ನು ದಲಿತ ದೇವಶಾಸ್ತ್ರವಾಗಿ ಬೆಳೆಯಿಸಿದ ಈ ಮಹನೀಯರು ಇಬ್ರಿಯ ಪಂಡಿತರಲ್ಲ, ತತ್ತ್ವವಿಚಾರಕರು; ಆದರೂ ತಮ್ಮ ವಾದದ ಅಡಿಗಲ್ಲಾಗಿ ಅವರು ಆರಿಸಿಕೊಂಡದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು. ಪ್ರಥಮಫಲವನ್ನು ಪುಟ್ಟಿಯಲ್ಲಿ ತುಂಬಿ ತಂದ ರೈತನು ಯಾಜಕನೆದುರು ನಿಂತು ಒಪ್ಪಿಸುವ ಸ್ವೀಕಾರವಚನವದು. ಅದರಲ್ಲಿ ಸೃಷ್ಟಿಯ ಮಾತಿಲ್ಲ, ಆತ್ಮದ ಮಾತಿಲ್ಲ. ನೆಲೆಯಿಲ್ಲದೆ ಅಲೆದ ಅರಾಮ್ಯನಾದ ಪೂರ್ವಜನಿಂದ ಆರಂಭಿಸಿ ಐಗುಪ್ತದ ದಾಸ್ಯ, ಕೂಗು, ಬಿಡುಗಡೆ, ನೆಲ, ಇಷ್ಟೇ. ಪೂರ್ವಜನು ಇಳಿದುಹೋದನು ಎಂದು ಪ್ರಥಮಪುರುಷದಲ್ಲಿ ಹೊರಟ ಕಥನವು ಮರುವಾಕ್ಯದಲ್ಲಿಯೇ ನಮ್ಮನ್ನು ಬಾಧಿಸಿದರು ಎಂದು ಉತ್ತಮಪುರುಷಕ್ಕೆ ತಿರುಗುತ್ತದೆ. ಶತಮಾನಗಳ ತರುವಾಯ ಹುಟ್ಟಿದವನು ಆ ದಾಸ್ಯವನ್ನು ತನ್ನದೆನ್ನುತ್ತಾನೆ. ನಿರ್ಮಲರು ಇದನ್ನು ಮಾದರಿಯಾಗಿ ಹಿಡಿದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ: ಅರಾಮ್ಯನಿಗೆ ಅಲೆಯುವ ಸ್ವಾತಂತ್ರ್ಯವಾದರೂ ಇತ್ತು, ಊರ ಹೊರಗಿರಿಸಲ್ಪಟ್ಟ ದಲಿತನ ಪೂರ್ವಜನಿಗೆ ಅದೂ ಇರಲಿಲ್ಲವೆಂದು ಮೂಲವನ್ನೇ ಪ್ರಶ್ನಿಸಿದರು. ಜರ್ಮನಿಯ ಫೊನ್ ರಾಡನು 1938ರಲ್ಲಿ ಇದೇ ವಚನವನ್ನು ಇಸ್ರಾಯೇಲಿನ ಪ್ರಾಚೀನ ವಿಶ್ವಾಸಸೂತ್ರವೆಂದು ಮುಂದಿಟ್ಟಿದ್ದನು. ಅವನ ಪಾಂಡಿತ್ಯಕ್ಕೆ ಹೊಳೆಯದಿದ್ದ ಪ್ರಶ್ನೆ ನಿರ್ಮಲರಿಗೆ ಹೊಳೆಯಿತು. ಗಿಣಿಪಾಠವೆನ್ನುವವರು ಇದಕ್ಕೆ ಏನೆನ್ನುವರೋ.

ನಮ್ಮ ಛಾಂದೋಗ್ಯದಲ್ಲಿ ಸತ್ಯಕಾಮನಿಲ್ಲವೆ ಎಂದು ಒಡನೆಯೇ ಆಕ್ಷೇಪ ಬರುತ್ತದೆ. ಇದ್ದಾನೆ; ನನಗೆ ಪ್ರಿಯನೂ ಹೌದು. ತಂದೆಯಾರೆಂದರಿಯದ ಬಾಲಕನು ನಿಜವನ್ನೇ ನುಡಿದುದಕ್ಕಾಗಿ ಗೌತಮನು ಅವನಿಗೆ ಉಪನಯನ ಮಾಡಿದನು. ಆದರೆ ಆ ಕಥೆಯಲ್ಲಿ ಪಾರಾದವನು ಒಬ್ಬ. ಅನೇಕ ಮನೆಗಳಲ್ಲಿ ಪರಿಚಾರಿಕೆ ಮಾಡಿದ ಅವನ ತಾಯಿ ಜಬಾಲೆಯ ಗತಿ ಏನಾಯಿತೆಂದು ಶ್ರುತಿಯೂ ಹೇಳಲಿಲ್ಲ, ಭಾಷ್ಯಕಾರರೂ ಕೇಳಲಿಲ್ಲ.

ನಮಗೆ ಬೈಬಲಿನಲ್ಲಿ ಪ್ರಸಂಗಿಯ ವೈರಾಗ್ಯ ರುಚಿಸುತ್ತದೆ, ಯೋಹಾನನ ವಾಕ್ಯತತ್ತ್ವ ರುಚಿಸುತ್ತದೆ. ಉಪನಿಷತ್ತಿನ ಪಕ್ಕದಲ್ಲಿ ಇರಿಸಲು ಅವು ಅನುಕೂಲ. ಬಡವನನ್ನು ಜೋಡು ಕೆರಕ್ಕೆ ಮಾರಿದವರನ್ನು ಹೆಸರು ಹಿಡಿದು ಬೈಯುವ ಆಮೋಸನು ಮಾತ್ರ ಒರಟನೆನಿಸುತ್ತಾನೆ, ಇತಿಹಾಸದ ಕೆಸರು ಮೆತ್ತಿದವನೆನಿಸುತ್ತಾನೆ. ನೋವಿಗೆ ಕುಲವಿಲ್ಲ, ಊರಿಲ್ಲ, ಕಾಲವಿಲ್ಲವೆಂದು ಹೇಳಿದ ಕೃತಿಯನ್ನೇ ಶ್ರೇಷ್ಠವೆನ್ನುವ ನಮ್ಮ ಕಾವ್ಯವಿಮರ್ಶೆಯ ಅಭ್ಯಾಸವೂ ಇದೇ. ಊರ ಹೆಸರು, ಕೇರಿಯ ಹೆಸರು ಬಂದೊಡನೆ ರಸಭಂಗವಾಯಿತೆನ್ನುತ್ತೇವೆ. ಆ ರೈತನ ವಿಧಿಯು, ಅವನೊಡನೆ ಲೇವಿಯನೂ ಅವನ ನಡುವೆ ವಾಸಿಸುವ ಪರದೇಶಿಯೂ ಕುಳಿತು ಸಂತೋಷಪಡಬೇಕೆಂಬ ಆಜ್ಞೆಯಿಂದ ಮುಗಿಯುತ್ತದೆ. ಉಪನಿಷತ್ತನ್ನು ಅದರ ಸ್ಥಾನದಲ್ಲಿರಿಸಲು ಹೊರಟವರು, ಆ ಊಟದ ಪಂಕ್ತಿಯನ್ನು ಎಲ್ಲಿ ಹಾಕಿಸುವರೆಂಬುದನ್ನು ಮೊದಲು ತಿಳಿಸಲಿ.