ಉಪಗ್ರಹ ಕಂಡ ಮಳೆ, ನಕ್ಷೆ ಕಾಣದ ಗುಡ್ಡ

ಗುಡ್ಡ ಕುಸಿಯಲು ಮಳೆಯೊಂದೇ ಕಾರಣವಲ್ಲ. ಆದರೆ ಕುಸಿಯುವ ಗಳಿಗೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಮಳೆಯೇ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದಂತೆ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಈ ತತ್ತ್ವವನ್ನು ಆಧರಿಸಿ ನಾಸಾ ಸಂಸ್ಥೆಯು ‘ಲಾಸಾ’ ಎಂಬ ಜಾಗತಿಕ ಮಾದರಿಯನ್ನು ರೂಪಿಸಿದೆ. 2018ರಲ್ಲಿ ಡಾಲಿಯಾ ಕಿರ್ಶ್‌ಬಾಮ್ ಮತ್ತು ಥಾಮಸ್ ಸ್ಟಾನ್ಲಿ ವಿವರಿಸಿದ ಮೊದಲ ಆವೃತ್ತಿಯು ಹಿಂದಿನ 7 ದಿನಗಳ ಮಳೆಯನ್ನು, ಇತ್ತೀಚಿನ ದಿನಗಳಿಗೆ ಹೆಚ್ಚು ತೂಕ ಕೊಟ್ಟು, ಲೆಕ್ಕ ಹಾಕುತ್ತದೆ. ಅದು ಆ ಸ್ಥಳದ್ದೇ ಹಳೆಯ ದಾಖಲೆಯ ಶೇ. 95ರ ಮಟ್ಟವನ್ನು ಮೀರಿದರೆ, ಕುಸಿಯಬಲ್ಲ ಇಳಿಜಾರುಗಳ ನಕ್ಷೆಯೊಡನೆ ಹೋಲಿಸಿ ಎಚ್ಚರಿಸುತ್ತದೆ.

ಈ ವಿಧಾನದ ಗುಣ ಸ್ಪಷ್ಟ. ಆಗುಂಬೆಯ ಅಳತೆಗೋಲನ್ನು ಅದು ಸಂಡೂರಿಗೆ ಹಿಡಿಯುವುದಿಲ್ಲ. ಮಳೆಮಾಪಕಗಳಿಲ್ಲದ ನಾಡುಗಳಿಗೂ ಅದು ನೆರವಾಗುತ್ತದೆ.

ದೋಷಗಳನ್ನು ತಿಳಿಯಲು ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯನ್ನೇ ನೋಡೋಣ. ಉಪಗ್ರಹ ಮಳೆ ಮಾಹಿತಿಯ ಒಂದು ಚೌಕದ ಬದಿ ಸುಮಾರು 11 ಕಿ.ಮೀ. ಅದರ ಕಾಲುಭಾಗದಲ್ಲಿ 120 ಮಿ.ಮೀ., ಉಳಿದೆಡೆ 20 ಮಿ.ಮೀ. ಮಳೆ ಸುರಿಯಿತೆನ್ನಿ. ಸರಾಸರಿ ಬರುವುದು 45 ಮಿ.ಮೀ. ಮಾತ್ರ. ಗುಡ್ಡದ ಮೇಲೆ ಬಿದ್ದ ಬಿರುಮಳೆ ಲೆಕ್ಕದಲ್ಲಿ ಕರಗಿಹೋಗುತ್ತದೆ! ಜೊತೆಗೆ, ಅತಿ ಬೇಗ ಸಿಗುವ ಮಾಹಿತಿಯೂ ಸುಮಾರು 4 ಗಂಟೆ ತಡವಾಗಿ ಬರುತ್ತದೆ.

ಎರಡನೆಯ ದೋಷ ಇನ್ನೂ ಗಂಭೀರ. ಜಾಗತಿಕ ಇಳಿಜಾರು ನಕ್ಷೆಗಳು ಹೆಚ್ಚಾಗಿ ನೆಚ್ಚಿರುವುದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎತ್ತರಗಳನ್ನು. ಸಂಡೂರಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಭರದಿಂದ ಬೆಳೆದದ್ದು ಅದಾದ ಮೇಲೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಅಗೆದ ಗುಂಡಿಗಳು, ಸುರಿದ ಸಡಿಲ ಮಣ್ಣಿನ ರಾಶಿಗಳು ಬೆಟ್ಟದ ರೂಪವನ್ನೇ ಬದಲಿಸಿದ್ದವು. ಹಳೆಯ ನಕ್ಷೆಗೆ ಇವು ಕಾಣವು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಕುಸಿದದ್ದು ಕೂಡ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡವೇ.

2021ರ ಎರಡನೆಯ ಆವೃತ್ತಿ ಯಂತ್ರಕಲಿಕೆಯಿಂದ ಅಪಾಯದ ಸಂಭವನೀಯತೆಯನ್ನು ತಿಳಿಸುತ್ತದೆ. ಇದು ಪ್ರಗತಿಯೇ ಸರಿ. ಆದರೆ ಹಿಂದೆ ದಾಖಲಾದ ಕುಸಿತಗಳಿಂದಲೇ ಅದು ಕಲಿಯಬೇಕು. ದಾಖಲೆ ವಿರಳವಾಗಿರುವ ಒಣ ಬೆಟ್ಟಗಳ ಬಗ್ಗೆ ಅದರ ಅರಿವೂ ವಿರಳ.

ಹಾಗೆಂದು ಮಾದರಿಯನ್ನು ತಳ್ಳಿಹಾಕಬೇಕಿಲ್ಲ. ವಿಶಾಲ ಪ್ರದೇಶದ ಮೇಲೆ ಕಣ್ಣಿಡುವುದಷ್ಟೇ ಅದರ ಉದ್ದೇಶ. ಊರಿನ ಜನರನ್ನು ಸ್ಥಳಾಂತರಿಸುವ ತೀರ್ಮಾನಕ್ಕೆ ಅದೊಂದೇ ಸಾಲದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ಥಳೀಯ ಮಳೆಮಾಪಕಗಳ ಅಂಕಿಗಳನ್ನು ಜೊತೆಗಿಡಬೇಕು. ಮಣ್ಣಿನ ರಾಶಿಗಳನ್ನು ಹೊಸದಾಗಿ ಅಳೆದು ನಕ್ಷೆಗೆ ಸೇರಿಸಬೇಕು. ಅಲ್ಲಿಯವರೆಗೆ ನಕ್ಷೆ ಅಪಾಯ ತೋರಿಸಲಿಲ್ಲವೆಂದು ರಾಶಿಯ ಕೆಳಗಿನ ಮನೆಗಳು ಸುರಕ್ಷಿತವೆಂದು ಭಾವಿಸುವಂತಿಲ್ಲ.