ಕುಣಿಯುವ ಮಕ್ಕಳಿಗೆ ಯಾವ ಬಣ್ಣ?

ನೃತ್ಯ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಶಾಲೆಗಳಲ್ಲಿ ಹೆಜ್ಜೆ, ತಾಳಗಳಿಗಿಂತ ಮೊದಲು ಮಾತಿಗೆ ಬರುವುದು ಬಣ್ಣ. ಸೀರೆ ರವಿಕೆಯ ಬಣ್ಣದ ಚರ್ಚೆ ಬೇಗ ಮುಗಿಯುತ್ತದೆ; ಮುಗಿಯದೆ ಉಳಿಯುವುದು ಮುಖಕ್ಕೂ ಕೈಕಾಲಿಗೂ ಬಳಿಯುವ ಬಣ್ಣದ್ದು. ಪ್ಯಾನ್‌ಕೇಕ್ ತರಿಸೋಣವೇ, ಸ್ಟಿಕ್ ತರಿಸೋಣವೇ, ಇದ್ದಿಲ ಪುಡಿಗೆ ಕೊಬ್ಬರಿ ಎಣ್ಣೆ ಕಲಸಿದರೆ ಸಾಲದೇ, ಪೌಡರ್ ಬಳಿದರೆ ತೀರ್ಪುಗಾರರಿಗೆ ಕಾಣುವುದೇ - ಪ್ರತಿಭಾ ಕಾರಂಜಿ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಇದೇ ಮಾತು. ನಾಟಕಕ್ಕೆ, ಸಿನಿಮಾಕ್ಕೆ, ಕಥೆ ಕಾದಂಬರಿಗಳಿಗೆ ವಿಮರ್ಶೆ ಬರೆಯುವವರಿದ್ದಾರೆ. ಶಾಲೆಯ ಮಕ್ಕಳ ಮುಖಕ್ಕೆ ಹಚ್ಚುವ ಬಣ್ಣಕ್ಕೆ ವಿಮರ್ಶೆ ಬರೆದವರನ್ನು ನಾನು ಕಾಣೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿ, ಅಷ್ಟೇ ವರ್ಷ ಮಕ್ಕಳನ್ನು ಕುಣಿಸಿ, ಕೆಲವು ಕಡೆ ತೀರ್ಪುಗಾರಳಾಗಿಯೂ ಕೂತವಳಾದ್ದರಿಂದ ಆ ಕೆಲಸಕ್ಕೆ ನಾನೇ ಕೈ ಹಾಕಿದ್ದೇನೆ.

ಮೊದಲು ಸರಕುಗಳನ್ನೇ ನೋಡೋಣ. ನಮ್ಮ ಕಡೆ ನಾಟಕ ಆಡುವವರ ಪೆಟ್ಟಿಗೆಯಲ್ಲಿ ಹಿಂದೆ ಇರುತ್ತಿದ್ದದ್ದು ಸಫೇದ, ಇಂಗಳೀಕ, ಅರದಾಳ, ಕಾಡಿಗೆ. ಎಲ್ಲವೂ ಗ್ರಂಧಿಗೆ ಅಂಗಡಿಯ ಮಾಲು. ಮೂಡಲಪಾಯದವರಿಗೂ ಕರಾವಳಿಯ ಯಕ್ಷಗಾನದವರಿಗೂ ಈ ಹೆಸರುಗಳು ಹೊಸವಲ್ಲ. ನಮ್ಮ ಹಿರಿಯರು ಬಳಸಿದ್ದು ಎಂದ ಮಾತ್ರಕ್ಕೆ ಇವು ಸಾಧು ಎಂದು ತಿಳಿಯಬಾರದು. ಇಂಗಳೀಕದಲ್ಲಿ ಪಾದರಸವಿದೆ, ಅರದಾಳದಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದೆ. ದೊಡ್ಡವರು ಬೇಕಾದರೆ ಬಳಿದುಕೊಳ್ಳಲಿ; ಮಕ್ಕಳ ಮೈಗೆ ಇವು ಸೋಕಕೂಡದು.

ಎಣ್ಣೆ ಮೇಣದಲ್ಲಿ ಬಣ್ಣ ಬೆರೆಸಿ ಕಡ್ಡಿಯಾಗಿ ಮಾಡಿದ ಸ್ಟಿಕ್ಕು ಎರಡನೆಯದು. 1870ರ ದಶಕದಲ್ಲಿ ಜರ್ಮನಿಯ ಲುಡ್ವಿಗ್ ಲೈಖ್ನರ್ ಎಂಬ ಗಾಯಕ ಇಂಥದನ್ನು ತಯಾರಿಸಿ ಮಾರಲು ತೊಡಗಿದ. ಇದರ ಗುಣ ಬೆವರಿಗೆ ಜಗ್ಗದಿರುವುದು. ಮೇಲೆ ಪೌಡರ್ ಒತ್ತದಿದ್ದರೆ ಮುಖ ಎಣ್ಣೆಯಲ್ಲಿ ಅದ್ದಿದ ಬೋಂಡದಂತೆ ಹೊಳೆಯುತ್ತದೆ. ತೆಗೆಯಲು ಕೊಬ್ಬರಿ ಎಣ್ಣೆಯೇ ಬೇಕು. ಬರೀ ಸೋಪಿಗೆ ಬಗ್ಗುವುದಿಲ್ಲ. ಮೂರನೆಯದು ಪ್ಯಾನ್‌ಕೇಕ್. 1930ರ ದಶಕದ ಕೊನೆಯಲ್ಲಿ ಬಣ್ಣದ ಸಿನಿಮಾಕ್ಕೆಂದು ಅಮೆರಿಕದ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಂದದ್ದು. ಒದ್ದೆ ಸ್ಪಂಜಿನಿಂದ ಹಚ್ಚಿದರೆ ಒಣಗಿ ಮುಖ ನುಣುಪಾಗಿ ಕಾಣುತ್ತದೆ, ನೀರಿಗೆ ಹೋಗುತ್ತದೆ. ಆದರೆ ನೀರಿಗೆ ಹೋಗುವುದು ಬೆವರಿಗೂ ಹೋಗುತ್ತದೆ. ಎರಡು ಸುತ್ತು ಕುಣಿಯುವಷ್ಟರಲ್ಲಿ ಹಣೆಯಿಂದ ಕೆನ್ನೆಗೆ ಗೀರುಗಳು ಇಳಿಯುತ್ತವೆ. ನಾಲ್ಕನೆಯದು ಡ್ರಾಯಿಂಗ್ ಪೀರಿಯಡ್ಡಿನ ಪೋಸ್ಟರ್ ಕಲರ್. ಇದು ಕಾಗದಕ್ಕೆಂದು ಮಾಡಿದ್ದು. ಮುಖದ ಮೇಲೆ ಒಣಗಿ ಬಿರಿಯುತ್ತದೆ, ತುರಿಸುತ್ತದೆ. ಮನೆಯಲ್ಲೇ ಕಲಸುವ ಇದ್ದಿಲ ಮಸಿ ಐದನೆಯದು. ಖರ್ಚಿಲ್ಲ, ಆದರೆ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಸೋಮವಾರದ ಪ್ರಾರ್ಥನೆಯ ತನಕ ಉಳಿಯುತ್ತದೆ.

ಸರಕಿಗಿಂತ ಕೆಟ್ಟದ್ದು ನಾವು ಅದನ್ನು ಹಚ್ಚುವ ರೀತಿ. ಒಂದೇ ಸ್ಪಂಜು, ಇಪ್ಪತ್ತು ಮುಖ. ಒಂದು ಮಗುವಿನ ಹುಳುಕಡ್ಡಿ, ಕಣ್ಣುಬೇನೆ ಇಪ್ಪತ್ತು ಮನೆಗೆ ಹೋಗಲು ಇಷ್ಟು ಸಾಕು. ಹಿಂದಿನ ದಿನವೇ ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿ ಕೆಂಪಾಗುತ್ತದೆಯೇ ಎಂದು ನೋಡುವವರೂ ಅಪರೂಪ. ಅವರವರ ಮನೆಯ ಹಳೆಯ ಮೆತ್ತನೆ ಬಟ್ಟೆಯ ತುಂಡನ್ನು ಅವರವರೇ ತಂದರೆ ಈ ತೊಂದರೆ ಅರ್ಧಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮೂಲದ ಪ್ರಶ್ನೆಗೆ ಬರಬೇಕು. ಮೈಗೆ ಬಣ್ಣ ಏಕೆ ಬೇಕು? ರಂಗಸಜ್ಜಿಕೆಯವರು ಎರಡು ಕಾರಣ ಹೇಳುತ್ತಾರೆ: ಬೆಳಕು ಮತ್ತು ದೂರ. ಬಲವಾದ ದೀಪ ಬಿದ್ದಾಗ ಮುಖದ ಉಬ್ಬುತಗ್ಗು ಅಳಿಸಿಹೋಗುತ್ತದೆ. ಹಿಂದಿನ ಸಾಲಿನವರಿಗೆ ಹುಬ್ಬು, ತುಟಿ ಕಾಣುವುದಿಲ್ಲ. ಅದಕ್ಕೆ ಬಣ್ಣ. ನಮ್ಮ ಪ್ರತಿಭಾ ಕಾರಂಜಿ ನಡೆಯುವುದೆಲ್ಲಿ? ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ, ಹಗಲು ಹೊತ್ತಿನಲ್ಲಿ. ತೀರ್ಪುಗಾರರು ಹತ್ತಡಿ ದೂರದಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ. ಅವರಿಗೆ ಮಗುವಿನ ಮೂಗಿನ ಮೇಲಿನ ಬೆವರ ಹನಿಯೂ ಕಾಣುತ್ತದೆ. ದೀಪವೂ ಇಲ್ಲ, ದೂರವೂ ಇಲ್ಲ. ಕಣ್ಣಿಗೆ ಕಾಡಿಗೆ ತೀಡಿದರೆ ಅಲ್ಲಿಗೆ ಕೆಲಸ ಮುಗಿಯಿತು. ರಾತ್ರಿ ನಡೆಯುವ ಶಾಲಾ ವಾರ್ಷಿಕೋತ್ಸವಕ್ಕಾದರೆ ತುಟಿ, ಹುಬ್ಬುಗಳಿಗೆ ಸ್ವಲ್ಪ ಬೇಕಾದೀತು.

ಹಾಗೆಂದು ನಾನು ಬಣ್ಣದ ವೈರಿಯಲ್ಲ. ಭರತನಾಟ್ಯದ ಮಕ್ಕಳು ಬೆರಳ ತುದಿಗೆ, ಪಾದದ ಅಂಚಿಗೆ ಕೆಂಪು ಹಚ್ಚಿಕೊಂಡರೆ ಮುದ್ರೆ ಎದ್ದು ಕಾಣುತ್ತದೆ, ಹೆಜ್ಜೆ ಎದ್ದು ಕಾಣುತ್ತದೆ. ಆ ಬಣ್ಣ ಕುಣಿತಕ್ಕೆ ದುಡಿಯುತ್ತದೆ. ಯಕ್ಷಗಾನದ ಬಣ್ಣದ ವೇಷ ನೋಡಿ, ರಾಕ್ಷಸನ ಮುಖದ ಮೇಲೆ ಚಿಟ್ಟಿ ಇಟ್ಟರೆ ಅದು ಯಾವ ಮನುಷ್ಯನ ಚರ್ಮವೂ ಅಲ್ಲ, ಪಾತ್ರದ ಗುರುತು. ನಮ್ಮ ಮಲೆ ಮಹದೇಶ್ವರನ ಗುಡ್ಡರು ಬೀಸು ಕಂಸಾಳೆ ಬೀಸುವಾಗ ಹಣೆಗೂ ತೋಳಿಗೂ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಅಷ್ಟೆ. ಚರ್ಮ ಅವರದೇ ಚರ್ಮ. ಕಂಚು ಕಂಚಿಗೆ ಬಡಿದು ನೆತ್ತಿಯ ಮೇಲಿಂದ ಬೆನ್ನ ಹಿಂದಕ್ಕೆ ಹೋಗಿ ಬರುವಾಗ ಆತ ಕಪ್ಪೋ ಕೆಂಪೋ ಎಂದು ಯಾರು ನೋಡುತ್ತಾರೆ? ಈ ಮೂರರಲ್ಲೂ ಬಣ್ಣಕ್ಕೆ ಅರ್ಥವಿದೆ. ನನ್ನ ತಕರಾರಿರುವುದು ಚರ್ಮವನ್ನು ಇನ್ನೊಂದು ಚರ್ಮ ಮಾಡಲು ಹೋಗುವ ಬಣ್ಣದ ಮೇಲೆ.

ಇದು ನಮ್ಮದೊಂದೇ ಕಾಯಿಲೆ ಎಂದುಕೊಂಡಿದ್ದೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗಳು ಒಮ್ಮೆ ಫೋನು ಮಾಡಿದಾಗ ಬೇರೆ ಸಂಗತಿ ಹೇಳಿದಳು. ಅವಳ ಮಗಳು ಹೋಗುವ ನೃತ್ಯದ ಕ್ಲಾಸಿನಲ್ಲಿ ಸ್ಪರ್ಧೆ ಹತ್ತಿರ ಬಂದರೆ ತಾಯಂದಿರೆಲ್ಲ ಮೈ ಕಂದು ಮಾಡುವ ಸರಕಿನ ಚರ್ಚೆಗೆ ಇಳಿಯುತ್ತಾರಂತೆ. ಲೋಷನ್ ಒಳ್ಳೆಯದೋ, ನೊರೆಯೋ, ಸ್ಪ್ರೇಯೋ, ರಾತ್ರಿ ತೊಳೆದರೆ ಹೋಗುವುದೋ! "ಅತ್ತೆ, ನಮ್ ಬಣ್ಣ ಆಗೋಕೆ ಇಲ್ಲಿ ದುಡ್ಡು ಕೊಡ್ತಾರೆ" ಎಂದು ನಕ್ಕಳು. ನನಗೆ ಕುತೂಹಲವಾಗಿ ಓದಿ ತಿಳಿದುಕೊಂಡೆ. ಆ ಸರಕಿನ ಒಳಗಿರುವುದು ಡೈಹೈಡ್ರಾಕ್ಸಿಅಸಿಟೋನ್ ಎಂಬ ಸಕ್ಕರೆಯ ಜಾತಿಯ ವಸ್ತು. ಅದು ಚರ್ಮದ ಮೇಲ್ಪದರದ ಸತ್ತ ಕಣಗಳ ಪ್ರೋಟೀನಿನೊಂದಿಗೆ ಕೂಡಿ ಕಂದಾಗುತ್ತದೆ. ಹೆಂಚಿನ ಮೇಲೆ ರೊಟ್ಟಿ ಕೆಂಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್ಗೆನ್‌ಸ್ಟೈನ್ ಎಂಬ ವಿಜ್ಞಾನಿ ಕಾಯಿಲೆಯ ಮಕ್ಕಳಿಗೆ ಇದನ್ನು ಕುಡಿಸುವಾಗ, ಚೆಲ್ಲಿದ ಜಾಗದಲ್ಲಿ ಚರ್ಮ ಕಂದಾದದ್ದನ್ನು ಗಮನಿಸಿದರು. 1960ರಲ್ಲಿ ಕಾಪರ್‌ಟೋನ್ ಕಂಪನಿ ಇದರ ಲೋಷನ್ ಮಾರುಕಟ್ಟೆಗೆ ತಂದಿತು. ಹಚ್ಚಿದರೆ ಸುಮಾರು ಒಂದು ವಾರ ಇರುತ್ತದೆ, ಸತ್ತ ಪದರ ಉದುರಿದಂತೆ ಹೋಗುತ್ತದೆ. ಮೊಣಕಾಲು, ಮೊಣಕೈಗಳಲ್ಲಿ ಚರ್ಮ ದಪ್ಪ, ಅಲ್ಲಿ ಹೆಚ್ಚು ಕಪ್ಪು ಹಿಡಿಯುತ್ತದೆ. ಸ್ಪ್ರೇ ಹೊಡೆಯುವಾಗ ಕಣ್ಣು, ತುಟಿಗೆ ತಾಗದಂತೆ, ಉಸಿರಿಗೆ ಹೋಗದಂತೆ ನೋಡಿಕೊಳ್ಳಬೇಕೆಂದು ಅಮೆರಿಕದ ಸರ್ಕಾರಿ ಇಲಾಖೆಯೇ ಎಚ್ಚರಿಸುತ್ತದೆ. ಐರಿಷ್ ನೃತ್ಯದ ದೊಡ್ಡ ಸಂಸ್ಥೆ ಚಿಕ್ಕ ಮಕ್ಕಳ ಮುಖಕ್ಕೆ ಬಣ್ಣ ಬೇಡವೆಂದು ನಿಯಮವನ್ನೇ ಮಾಡಿದೆ. ಅವರ ಆ ಒಂದು ನಿಯಮ ನನಗೆ ಮೆಚ್ಚಿಗೆಯಾಯಿತು.

ಅಲ್ಲಿಯವರು ಕಂದಾಗಲು, ಇಲ್ಲಿಯವರು ಬೆಳ್ಳಗಾಗಲು ಹಂಬಲಿಸುವುದೇಕೆ? ಅಲ್ಲಿ ದುಡಿಮೆ ಹೊಲದಿಂದ ಕಾರ್ಖಾನೆಯ ಸೂರಿನ ಕೆಳಗೆ ಹೋದ ಮೇಲೆ ಬಿಸಿಲಿನಲ್ಲಿ ಕಂದಾದ ಮೈ ರಜೆಯ, ಸಮುದ್ರ ತೀರದ, ಅನುಕೂಲಸ್ಥರ ಗುರುತಾಯಿತು. ಇಲ್ಲಿ ಬಿಸಿಲಿನ ಬಣ್ಣ ಕೂಲಿಯ ಗುರುತಾಗಿಯೇ ಉಳಿದಿದೆ. ಕಾವೇರಿ ದಡದ ನಮ್ಮ ಮುಳ್ಳೂರಿನಲ್ಲಿ ನಾಟಿ ಕಾಲಕ್ಕೆ ಅವ್ವನ ಜೊತೆ ಗದ್ದೆಗಿಳಿಯುವ ಹುಡುಗಿಯ ಮುಂಗೈ, ಕತ್ತು ಒಂದು ಬಣ್ಣ, ತೋಳಿನ ಮೇಲ್ಭಾಗ ಇನ್ನೊಂದು ಬಣ್ಣ. ಅದೇ ಹುಡುಗಿ ನೃತ್ಯಕ್ಕೆ ಬಂದಾಗ ಮುಖಕ್ಕೆ ಮೂರು ಪದರ ಬಿಳಿ ಮೆತ್ತುತ್ತೇವೆ. ಕತ್ತಿನ ಬಳಿ ಗೆರೆ ಎಳೆದಂತೆ ಅವಳ ನಿಜವಾದ ಬಣ್ಣ ಶುರುವಾಗುತ್ತದೆ. ಹಿಂದೂಸ್ತಾನ್ ಯೂನಿಲಿವರ್ ಕಂಪನಿ 1975ರಿಂದ ಮಾರುತ್ತಿದ್ದ ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಮಾತನ್ನು 2020ರಲ್ಲಿ ತೆಗೆದುಹಾಕಿತು. ಹೆಸರು ಹೋಯಿತು, ಮುಂದಿನ ಸಾಲಿಗೆ ಬೆಳ್ಳಗಿರುವವರು, ಹಿಂದಿನ ಸಾಲಿಗೆ ಮಿಕ್ಕವರು ಎಂಬ ನಮ್ಮ ಅಭ್ಯಾಸ ಎಷ್ಟೋ ಶಾಲೆಗಳಲ್ಲಿ ಹಾಗೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೆನ್ನಾಗಿ ಕುಣಿಯುವವಳನ್ನು ಹಿಂದಕ್ಕೆ ತಳ್ಳಿ ಮುಖ ಡೊಂಕು ಎನ್ನುವ ನಮಗೆ ಗಾದೆಯನ್ನು ಇನ್ನೂ ಯಾರೂ ಕಟ್ಟಿಲ್ಲ.

ಇದರ ಇನ್ನೊಂದು ಮಗ್ಗುಲು ಹೆಚ್ಚು ನೋಯಿಸುವಂಥದು. ಜನಪದ ನೃತ್ಯ ಎಂದಾಕ್ಷಣ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಶಾಲೆಗಳಿಗೆ ಸೋಲಿಗರ ಗೊರುಕನ ನೆನಪಾಗುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲೂ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲೂ ಇರುವ ಸೋಲಿಗರು ರೊಟ್ಟಿ ಹಬ್ಬದ ರಾತ್ರಿ 'ಗೊರು ಗೊರುಕ ಗೊರುಕನ' ಎಂದು ಹಾಡಿ ಬೆಳಗಿನ ತನಕ ಕುಣಿಯುವುದುಂಟು. ಅದನ್ನು ಸ್ಪರ್ಧೆಗೆ ತರುವಾಗ ನಾವು ಮೊದಲು ತರಿಸುವುದು ಕಪ್ಪು ಬಣ್ಣ. ಮಸಿ ಬಳಿ, ಸೊಪ್ಪು ಕಟ್ಟು, ತಲೆಗೆ ಗರಿ ಸಿಕ್ಕಿಸು, ಸೋಲಿಗ ತಯಾರು! ಬೆಳಗ್ಗೆ ಭಾವಗೀತೆಯ ನೃತ್ಯಕ್ಕೆ ಬಿಳಿ ಬಳಿಸಿಕೊಂಡ ಮಗುವೇ ಮಧ್ಯಾಹ್ನ ಮುಖ ತೊಳೆದು ಕಪ್ಪು ಬಳಿಸಿಕೊಳ್ಳುತ್ತದೆ. ದೇವಲೋಕದ ಕನ್ಯೆಗೂ ಕಾಡಿನವರಿಗೂ ನಾವು ಕೊಟ್ಟಿರುವ ಬಣ್ಣ ಇದು. ಆ ಮಗುವಿನ ಸ್ವಂತ ಬಣ್ಣಕ್ಕೆ ಇಡೀ ದಿನದಲ್ಲಿ ಒಂದು ಪಾತ್ರವೂ ಸಿಗುವುದಿಲ್ಲ.

ನಾನು ತೀರ್ಪುಗಾರಳಾಗಿದ್ದ ಒಂದು ಕಡೆ ಇಂಥ ತಂಡ ಕುಣಿದು ಇಳಿಯಿತು. ತಂಡದ ಪುಟ್ಟ ಹುಡುಗನೊಬ್ಬ ಮಸಿ ಒರೆಸಿಕೊಳ್ಳುತ್ತ ತನ್ನ ಮೇಷ್ಟ್ರನ್ನು ಕೇಳಿದ: "ಸೋಲಿಗ್ರು ಇಷ್ಟು ಕರ್ರಗಿದ್ದರಾ ಸಾ? ಸಂತೇಲಿ ನೋಡಿವ್ನಿ, ನಮ್ಮಂಗೇ ಅವ್ರೆ." ಮೇಷ್ಟ್ರು ನಕ್ಕು ಸುಮ್ಮನಾದರು. ಹಾಸ್ಟೆಲಿನಲ್ಲಿದ್ದು ಓದುವ ಸೋಲಿಗರ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತಿದ್ದಳು. ಕುಣಿತ ಹೇಗಿತ್ತಮ್ಮ ಎಂದು ಕೇಳಿದೆ. ಬಹಳ ಹೊತ್ತು ನೆಲ ನೋಡಿ, "ನಮ್ ಪೋಡ್ನಲ್ಲಿ ಯಾರೂ ಮುಖಕ್ಕೆ ಏನೂ ಬಳ್ಕಳಲ್ಲ ಮಿಸ್" ಎಂದಳು. ಕುಣಿತದ ಬಗ್ಗೆ ಕೇಳಿದರೆ ಅವಳು ಮುಖದ ಬಗ್ಗೆ ಹೇಳಿದಳು. ಆ ತಂಡದ ಹೆಜ್ಜೆಗೆ ಕೊಡಬೇಕಾದ ಅಂಕ ಕೊಟ್ಟೆ, ವೇಷಕ್ಕೆ ಕೊಡಲಿಲ್ಲ. ಕಾರಣ ಕೇಳಿದವರಿಗೆ ಆ ಹುಡುಗಿಯ ಮಾತನ್ನೇ ಹೇಳಿದೆ.

ಕೆಲವರು ಹೇಳುತ್ತಾರೆ, "ಬಿಡಿ ಮೇಡಂ, ಮಕ್ಕಳ ಆಟ, ತೊಳೆದರೆ ಹೋಗುವ ಬಣ್ಣ." ಬಣ್ಣ ತೊಳೆದರೆ ಹೋಗುತ್ತದೆ ನಿಜ. ಬಿಳಿ ಮೆತ್ತಿಸಿಕೊಂಡ ಹುಡುಗಿಗೆ ತಾನು ಇದ್ದ ಹಾಗೆ ವೇದಿಕೆಗೆ ಸಲ್ಲೆನೆಂಬ ಪಾಠವಾಗಿರುತ್ತದೆ. ಕಪ್ಪು ಬಳಿಸಿಕೊಂಡವನಿಗೆ ಕಾಡಿನ ಜನ ತನಗಿಂತ ಬೇರೆ ಜಾತಿಯ ಪ್ರಾಣಿಗಳೆಂಬ ಪಾಠವಾಗಿರುತ್ತದೆ. ಪರೀಕ್ಷೆಗೆ ಬರುವ ಪಾಠಗಳನ್ನು ಮಕ್ಕಳು ಬೇಗ ಮರೆಯುತ್ತಾರೆ. ಇಂಥವು ಮದುವೆಯ ಮಾತುಕತೆಯವರೆಗೂ ಜೊತೆಗೆ ಬರುತ್ತವೆ. ಕಪ್ಪು ಎಂದರೆ ಕಸ್ತೂರಿ ಎಂಬ ಸಮಾಧಾನದ ಮಾತು ಆಗ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಯಾವ ಸರಕು ಒಳ್ಳೆಯದು ಎಂದು ಕೇಳುವ ಕಿರಿಯ ಶಿಕ್ಷಕಿಯರಿಗೆ ನನ್ನ ಉತ್ತರ ಹೀಗಿದೆ. ಹಗಲಿನ ಸ್ಪರ್ಧೆಗೆ ಕಾಡಿಗೆ, ಕುಂಕುಮದ ಬೊಟ್ಟು, ಬೆರಳಿಗೆ ಕೆಂಪು, ಇಷ್ಟು ಸಾಕು. ದೀಪದ ಬೆಳಕಿನಲ್ಲಾದರೆ ಮಗುವಿನ ಬಣ್ಣಕ್ಕೇ ಹೊಂದುವ ಪ್ಯಾನ್‌ಕೇಕ್ ತೆಳ್ಳಗೆ. ಅಂಗಡಿಯವನು ಎಲ್ಲರಿಗೂ ಒಂದೇ ಬಿಳಿ ಡಬ್ಬಿ ಕೊಡಲು ಬಂದರೆ ಬೇಡವೆನ್ನಿ, ಕಂದು ಛಾಯೆಗಳೂ ಇರುತ್ತವೆ, ಕೇಳಿ ತರಿಸಿ. ಬೆವರುವ ಕುಣಿತಕ್ಕೆ ಸ್ಟಿಕ್ಕು ಅನಿವಾರ್ಯವಾದರೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ಬಸ್ಸು ಹತ್ತುವ ಮೊದಲೇ ಮುಖ ತೆಗೆಸಿ. ಪೋಸ್ಟರ್ ಕಲರನ್ನು ಡ್ರಾಯಿಂಗ್ ಮೇಷ್ಟ್ರಿಗೆ ಹಿಂದಿರುಗಿಸಿ. ಗೊರುಕನ ಆಡಿಸುವುದಾದರೆ ಕಪ್ಪು ಬಣ್ಣಕ್ಕೆ ಇಟ್ಟ ದುಡ್ಡಿನಲ್ಲಿ ಯಾವುದಾದರೂ ಪೋಡಿನಿಂದ ಒಬ್ಬ ಹಿರಿಯರನ್ನು ಕರೆಸಿ, ಬಸ್ ಚಾರ್ಜು, ಊಟ, ಗೌರವಧನ ಕೊಟ್ಟು ಎರಡು ದಿನ ಹೆಜ್ಜೆ ಹೇಳಿಸಿ. ಹತ್ತು ಮಕ್ಕಳಿಗೆ ಮೈತುಂಬ ಬಳಿಯುವ ಬಣ್ಣದ ಲೆಕ್ಕ ಹಾಕಿ ನೋಡಿದರೆ, ಅದಕ್ಕೂ ಇದಕ್ಕೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಬರುವುದಿಲ್ಲ.